ಎಳೆಯ ಮೈಯೂ ಭಾರಶ್ರಮವೂ: ಒಂದು ನಂಬಿಕೆಯ ಚರಿತ್ರೆ

ಹದಿಹರೆಯದಲ್ಲಿ ಭಾರವನ್ನೆತ್ತುವ ಸಾಧನೆ ಮಾಡಿದವರು ಎತ್ತರ ಬೆಳೆಯದೆ ಕುಳ್ಳಾಗಿಯೇ ಉಳಿಯುವರೆಂಬ ಮಾತು ನಮ್ಮಲ್ಲಿಯೂ ಹೊರದೇಶಗಳಲ್ಲಿಯೂ ಬಳಕೆಯಲ್ಲಿದೆ. ಈ ಮಾತು ದಿಟವೇ ಎಂಬುದನ್ನು ವೈದ್ಯರು ನಿರ್ಣಯಿಸಬೇಕು. ಆದರೆ ಅದು ಎಲ್ಲಿ ಹುಟ್ಟಿತು, ಯಾವ ಸಾಕ್ಷ್ಯವನ್ನು ನೆಮ್ಮಿ ನಿಂತಿತು, ಆ ಸಾಕ್ಷ್ಯದ ಬೆಲೆಯೇನು ಎಂಬುದು ಚರಿತ್ರೆಯ ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆ. ಹಾಗೆ ಕೇಳಿದಾಗ, ದುಡಿಮೆಯ ಹೊರೆ, ಆಕಸ್ಮಿಕವಾದ ಪೆಟ್ಟು, ಕ್ರಮವರಿತ ಸಾಧನೆ ಎಂಬ ಮೂರು ಬೇರೆ ಬೇರೆ ಸಂಗತಿಗಳು ಈ ನಂಬಿಕೆಯೊಳಗೆ ಒಂದಾಗಿ ಬೆರೆತಿರುವುದು ಕಂಡುಬರುತ್ತದೆ. ಅವನ್ನು ಬಿಡಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಅಭಿಪ್ರಾಯವು ಬಹಳ ಹಳೆಯದು. ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ ಅರಿಸ್ಟಾಟಲನು ತನ್ನ ರಾಜನೀತಿ ಗ್ರಂಥದ ಎಂಟನೆಯ ಭಾಗದಲ್ಲಿ, ಮಕ್ಕಳನ್ನು ಮಲ್ಲರಂತೆ ತಯಾರಿಸಹೊರಟ ರಾಜ್ಯಗಳು ಅವರ ಅಂಗಸೌಷ್ಠವವನ್ನೂ ಬೆಳವಣಿಗೆಯನ್ನೂ ಕೆಡಿಸುತ್ತವೆಂದು ಆಕ್ಷೇಪಿಸಿದ್ದಾನೆ. ಪ್ರಾಯ ಬರುವವರೆಗೆ ಹಗುರವಾದ ವ್ಯಾಯಾಮವಷ್ಟೇ ಸಾಕೆಂಬುದು ಅವನ ಮತ. ಬಾಲಕರ ವಿಭಾಗದಲ್ಲಿಯೂ ಮುಂದೆ ಪ್ರಾಯದವರ ವಿಭಾಗದಲ್ಲಿಯೂ ಒಲಿಂಪಿಕ್ ವಿಜಯವನ್ನು ಪಡೆದವರು ಇಬ್ಬರೋ ಮೂವರೋ ಮಾತ್ರ ಎಂಬುದನ್ನು ಅವನು ಪ್ರಮಾಣವಾಗಿ ಒಡ್ಡುತ್ತಾನೆ. ವಿಜೇತರ ಪಟ್ಟಿಯನ್ನು ಆಧಾರವಾಗಿಟ್ಟು ವಾದಿಸಿದುದು ಮೆಚ್ಚತಕ್ಕ ಸಂಗತಿಯೇ ಸರಿ. ಆದರೆ ಬಾಲ್ಯದಲ್ಲಿ ಗೆದ್ದವನು ಪ್ರಾಯದಲ್ಲಿ ಸೋಲುವುದಕ್ಕೆ ಸಾಧನೆಯ ಅತಿರೇಕವೊಂದೇ ಕಾರಣವಾಗಬೇಕಿಲ್ಲ. ಬೇಗ ಮೈತುಂಬಿದ ಬಾಲಕನು ಓರಗೆಯವರನ್ನು ಸುಲಭವಾಗಿ ಗೆಲ್ಲುತ್ತಾನೆ. ಅವರೂ ಬೆಳೆದ ಮೇಲೆ ಅವನ ಮೇಲುಗೈ ತಪ್ಪುತ್ತದೆ.

ನಮ್ಮ ವೈದ್ಯಶಾಸ್ತ್ರವೂ ಈ ವಿಷಯದಲ್ಲಿ ಮೌನವಾಗಿಲ್ಲ. ವಾಗ್ಭಟನ ಅಷ್ಟಾಂಗಹೃದಯವು ವ್ಯಾಯಾಮದ ಗುಣಗಳನ್ನು ಹೇಳಿ, ಬಾಲರು, ವೃದ್ಧರು, ಅಜೀರ್ಣವುಳ್ಳವರು ಮೊದಲಾದವರು ಅದನ್ನು ಬಿಡಬೇಕೆಂದು ವಿಧಿಸುತ್ತದೆ. ಬಲಿಷ್ಠನಾದವನೂ ತನ್ನ ಶಕ್ತಿಯ ಅರ್ಧದಷ್ಟನ್ನು ಮಾತ್ರ ವ್ಯಯಮಾಡಬೇಕೆಂಬುದು ಅಲ್ಲಿನ ನಿಯಮ. ಆದರೆ ಆ ಗ್ರಂಥದ ಚಿಂತೆಯೆಲ್ಲ ದೋಷಗಳ ಪ್ರಕೋಪ ಮತ್ತು ಬಲಕ್ಷಯಗಳ ವಿಷಯವಾದುದು. ಇಂದಿನ ನಂಬಿಕೆಗೆ ಅದನ್ನು ನೇರವಾದ ಆಧಾರವಾಗಿ ಎಳೆದುತರುವುದು ಸಲ್ಲದು.

ಇದಕ್ಕೆ ಎದುರಾಗಿ ಕನ್ನಡ ನೆಲದ್ದೇ ಆದ ಒಂದು ಸಾಕ್ಷ್ಯವನ್ನು ಇಡಬಹುದಾಗಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗನುಸಾರವಾಗಿ ಅಲ್ಲಿ ವಿಂಗಡಿಸಲಾಗಿದೆ. ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಮುಂತಾದ ಸಾಧನೆಗಳನ್ನು ಹೆಸರಿಸಿದೆ. ಧಾನ್ಯ, ಮಾಂಸ, ಹಾಲು, ಸಕ್ಕರೆಗಳನ್ನು ಒದಗಿಸುವ ಹೊಣೆ ಅರಸನದೆಂದು ಹೇಳಿದೆ. ಗರಡಿಯ ಪದ್ಧತಿಯಲ್ಲಿ ಭಾರವು ಒಂಟಿಯಾಗಿ ಬರುವುದಿಲ್ಲವೆಂಬುದು ಇಲ್ಲಿ ಗಮನಾರ್ಹ. ಅದರ ಜೊತೆಯಲ್ಲಿ ವಯಸ್ಸಿನ ಎಣಿಕೆಯಿದೆ, ಬಗೆಬಗೆಯ ಶ್ರಮಗಳ ಕ್ರಮವಿದೆ, ಎಲ್ಲಕ್ಕಿಂತ ಮಿಗಿಲಾಗಿ ತುಂಬಿದ ಊಟವಿದೆ.

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಈ ಜೊತೆ ಮುರಿದುಬಿದ್ದಿತು. ಬೆಳೆಯುವ ಮಕ್ಕಳ ಮೇಲೆ ಹೊರೆ ಬಿದ್ದಿತು, ಊಟ ಬೀಳಲಿಲ್ಲ. ಫ್ರಾನ್ಸಿನ ವಿಲ್ಲೆರ್ಮೆ ಎಂಬ ವೈದ್ಯನು 1829ರಲ್ಲಿಯೇ, ಜನರ ಎತ್ತರವು ನಾಡಿನ ಸಿರಿಯನ್ನೂ ಊಟವಸತಿಗಳ ಅನುಕೂಲವನ್ನೂ ಅನುಸರಿಸಿ ಹೆಚ್ಚುವುದೆಂದೂ, ಬಡತನ ಮತ್ತು ಎಳೆತನದ ದುಡಿಮೆಗಳಿಂದ ಕುಗ್ಗುವುದೆಂದೂ ತೋರಿಸಿದನು. ಇಂಗ್ಲೆಂಡಿನಲ್ಲಿ 1833ರ ಕಾರ್ಖಾನೆ ವಿಚಾರಣಾ ಆಯೋಗಕ್ಕಾಗಿ ಗಿರಣಿಯ ಮಕ್ಕಳ ಎತ್ತರ ತೂಕಗಳನ್ನು ಅಳೆಯಲಾಯಿತು. ಆ ವರ್ಷದ ಶಾಸನವು ಒಂಬತ್ತು ವರ್ಷದೊಳಗಿನವರನ್ನು ನೂಲಿನ ಗಿರಣಿಗಳಿಂದ ಹೊರಗಿಟ್ಟಿತು. ಜನನದ ದಾಖಲೆಗಳಿಲ್ಲದ ಕಾಲವಾದುದರಿಂದ, ಮಗುವಿನ ಮೈಬಲವನ್ನೂ ತೋರಿಕೆಯನ್ನೂ ನೋಡಿಯೇ ವೈದ್ಯರು ವಯಸ್ಸನ್ನು ದೃಢೀಕರಿಸಬೇಕಾಗಿತ್ತು. ಹೀಗೆ ಎತ್ತರವು ರಾಜ್ಯಾಡಳಿತದ ಪ್ರಶ್ನೆಯಾಯಿತು. ಗಣಿಯ ಸುರಂಗಗಳಲ್ಲಿ ಕಲ್ಲಿದ್ದಲ ಬಂಡಿಗಳನ್ನೆಳೆಯುತ್ತಿದ್ದ ಮಕ್ಕಳ ಸ್ಥಿತಿಯು 1842ರ ವರದಿಯಿಂದ ಬೆಳಕಿಗೆ ಬಂದು, ಅದೇ ವರ್ಷ ಹತ್ತು ವರ್ಷದೊಳಗಿನ ಹುಡುಗರು ನೆಲದಡಿಯಲ್ಲಿ ದುಡಿಯುವುದನ್ನು ನಿಷೇಧಿಸಲಾಯಿತು. ಭಾರತದಲ್ಲಿ 1881ರ ಕಾರ್ಖಾನೆ ಶಾಸನವು ಏಳು ವರ್ಷದೊಳಗಿನವರನ್ನು ಮಾತ್ರ ತಡೆಯಿತೆಂಬುದನ್ನು ನೆನೆಯಬೇಕು.

ಆ ಮಕ್ಕಳು ಕುಗ್ಗಿದ್ದರೆಂಬುದು ಸಂದೇಹವಿಲ್ಲದ ಮಾತು. ಆದರೆ ಅವರಲ್ಲಿ ಅರೆಹೊಟ್ಟೆ, ನಿದ್ರಾಭಂಗ, ಕೆಟ್ಟ ಗಾಳಿ, ರೋಗ, ದೀರ್ಘ ದುಡಿಮೆ ಇವೆಲ್ಲ ಕೂಡಿಕೊಂಡಿದ್ದವು. ನೂಲಿನ ಗಿರಣಿಯ ಎಷ್ಟೋ ಕೆಲಸಗಳಲ್ಲಿ ಭಾರವನ್ನೆತ್ತುವ ಪ್ರಸಂಗವೇ ಇರಲಿಲ್ಲ. ಕಣ್ಣಿಗೆ ಎದ್ದುಕಾಣುವುದು ಹೊರೆ, ಹಸಿವು ಕಾಣುವುದಿಲ್ಲ. ಆದುದರಿಂದ ಲೋಕದ ನೆನಪಿನಲ್ಲಿ ಹೊರೆಯೇ ಅಪರಾಧಿಯಾಗಿ ನಿಂತಿರಬೇಕು.

ಇದೇ ಕಾಲದಲ್ಲಿ ವಿಜ್ಞಾನವು ಈ ಶಂಕೆಗೆ ಒಂದು ನೆಲೆಯನ್ನು ಒದಗಿಸಿತು. ಸ್ಟೀಫನ್ ಹೇಲ್ಸ್ ಎಂಬಾತನು 1727ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೋಳಿಮರಿಯ ಕಾಲೆಲುಬಿನ ಮೇಲೆ ಮಾಡಿದ ಪ್ರಯೋಗವನ್ನು ವಿವರಿಸಿದ್ದನು. ಎಲುಬಿನ ನಡುಭಾಗದಲ್ಲಿ ಕೊರೆದ ಎರಡು ರಂಧ್ರಗಳ ಅಂತರವು ಮರಿ ಬೆಳೆದ ಮೇಲೆಯೂ ಹಾಗೆಯೇ ಉಳಿದಿತ್ತು. ಎಂದರೆ ಉದ್ದನೆಯ ಎಲುಬು ಬೆಳೆಯುವುದು ತುದಿಗಳಲ್ಲಿ. ಆ ತುದಿಗಳ ಬಳಿಯಿರುವ ಮೃದ್ವಸ್ಥಿಯ ತಟ್ಟೆಯೇ ಬೆಳವಣಿಗೆಯ ಸ್ಥಾನ. ಅದರ ಮೇಲೆ ಎಡೆಬಿಡದ ಒತ್ತಡ ಬಿದ್ದರೆ ಬೆಳವಣಿಗೆ ನಿಧಾನವಾಗುವುದೆಂದು ಜರ್ಮನಿಯ ಹ್ಯೂಟರ್ ಮತ್ತು ಫೋಲ್ಕ್‌ಮನ್ ಎಂಬ ಶಸ್ತ್ರವೈದ್ಯರು 1862ರಲ್ಲಿ ಪ್ರತಿಪಾದಿಸಿದರು. ಆದರೆ ಹಗಲಿರುಳೂ ಬಿಡದ ಒತ್ತಡ ಬೇರೆ, ಕೆಲವು ಕ್ಷಣಗಳ ಮಟ್ಟಿಗೆ ಎತ್ತಿ ಇಳಿಸುವ ಭಾರ ಬೇರೆ. ಜನರ ತರ್ಕದಲ್ಲಿ ಈ ಭೇದ ಉಳಿಯಲಿಲ್ಲ. 1964ರ ಟೋಕಿಯೋ ಕ್ರೀಡಾವಿಜ್ಞಾನ ಸಮ್ಮೇಳನದಲ್ಲಿ ಕಾಟೋ ಮತ್ತು ಇಷಿಕೋ ಎಂಬವರು ಜಪಾನಿನ ದೂರದ ಹಳ್ಳಿಗಳಲ್ಲಿ ಅತಿಯಾಗಿ ದುಡಿಯುತ್ತಿದ್ದ ಮಕ್ಕಳ ಎಲುಬಿನ ಬೆಳವಣಿಗೆ ಕುಂದಿದುದನ್ನು ವರದಿಮಾಡಿದರು. ದುಡಿಮೆಯನ್ನು ಕುರಿತ ಆ ವರದಿಯನ್ನೇ ಮುಂದೆ ವ್ಯಾಯಾಮಕ್ಕೂ ಅನ್ವಯಿಸಲಾಯಿತು.

ಎರಡನೆಯ ಎಳೆ ಪೆಟ್ಟಿನದು. 1970 ಮತ್ತು 80ರ ದಶಕಗಳಲ್ಲಿ, ಭಾರವನ್ನು ತಲೆಯ ಮೇಲಕ್ಕೆತ್ತುವಾಗ ಮಣಿಕಟ್ಟಿನ ಬಳಿಯ ಬೆಳವಣಿಗೆಯ ತಟ್ಟೆ ಮುರಿದ ಕೆಲವು ಹುಡುಗರ ಪ್ರಸಂಗಗಳು ಅಮೆರಿಕದ ವೈದ್ಯಪತ್ರಿಕೆಗಳಲ್ಲಿ ಪ್ರಕಟವಾದವು. ಅಂಥ ಪೆಟ್ಟು ಸಂಭವಿಸುವುದು ದಿಟ. ಆದರೆ ಬಹುಮಟ್ಟಿಗೆ ಅದು ಮೇಲ್ವಿಚಾರಣೆಯಿಲ್ಲದೆ, ಮಿತಿಮೀರಿದ ಭಾರವನ್ನು ತಪ್ಪು ರೀತಿಯಲ್ಲಿ ಎತ್ತಿದುದರ ಫಲ. ಚಿಕಿತ್ಸೆ ದೊರೆತರೆ ಹೆಚ್ಚಿನವು ಶೇಷವಿಲ್ಲದೆ ವಾಸಿಯಾಗುತ್ತವೆ.

ಮೂರನೆಯದು ಕ್ರಮವರಿತ ಸಾಧನೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 1983ರಲ್ಲಿ ಈ ವಿಷಯವಾಗಿ ಎಚ್ಚರಿಕೆಯ ಧಾಟಿಯ ಹೇಳಿಕೆಯನ್ನು ಹೊರಡಿಸಿ, ಪ್ರಾಯಕ್ಕೆ ಬಾರದವರಿಗೆ ಇಂಥ ಸಾಧನೆಯಿಂದ ಲಾಭ ಅತ್ಯಲ್ಪವೆಂದಿತು. ಅನಂತರ ನಡೆದ ಪ್ರಯೋಗಗಳು ಈ ಮತವನ್ನು ಬದಲಿಸಿದವು. 22 ಅಧ್ಯಯನಗಳನ್ನು ಪರಿಶೀಲಿಸಿ ಮಾಲಿನಾ ಎಂಬ ವಿದ್ವಾಂಸನು 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯು, ಮೇಲ್ವಿಚಾರಣೆಯಲ್ಲಿ ನಡೆದ ಸಾಧನೆಯಿಂದ ಬಲವು ಹೆಚ್ಚುವುದೆಂದೂ ಎತ್ತರದ ಬೆಳವಣಿಗೆಗೆ ಅಡ್ಡಿ ಕಂಡುಬರಲಿಲ್ಲವೆಂದೂ ನಿರ್ಣಯಿಸಿತು. ಈ ಪ್ರಯೋಗಗಳಲ್ಲಿ ಹೆಚ್ಚಿನವು ಕೆಲವೇ ತಿಂಗಳ ಅವಧಿಯವೆಂಬ ಕೊರತೆಯನ್ನು ಮರೆಯಬಾರದು. ಆದರೂ ಅಕಾಡೆಮಿಯು 2008ರಲ್ಲಿಯೂ 2020ರಲ್ಲಿಯೂ, ಕ್ರಮಬದ್ಧವಾದ ಸಾಧನೆಯು ಬೆಳವಣಿಗೆಯನ್ನು ಕುಂದಿಸುವುದೆಂಬ ಮಾತಿಗೆ ಆಧಾರವಿಲ್ಲವೆಂಬ ಪಕ್ಷಕ್ಕೇ ಬಂದಿದೆ.

ಹಾಗಾದರೆ ಹೆಸರಾಂತ ಭಾರ ಎತ್ತುವವರಲ್ಲಿ ಅನೇಕರು ಕುಳ್ಳಗಿರುವುದೇಕೆ? ಬಾಲ್ಯದಲ್ಲಿಯೇ ಸಾಧನೆಗೆ ತೊಡಗಿ ಮೂರು ಒಲಿಂಪಿಕ್‌ಗಳಲ್ಲಿ ಚಿನ್ನ ಗೆದ್ದ ತುರ್ಕಿಯ ನಯೀಮ್ ಸುಲೈಮಾನೋಗ್ಲು ಸುಮಾರು 147 ಸೆಂಟಿಮೀಟರ್ ಎತ್ತರದವನು. ಉತ್ತರ ಸರಳವಾಗಿದೆ. ಹಗುರ ತೂಕದ ವಿಭಾಗಗಳಲ್ಲಿ ಗಿಡ್ಡ ಮೈಕಟ್ಟಿನವರಿಗೆ ಅನುಕೂಲ ಹೆಚ್ಚು. ಆದ್ದರಿಂದ ಅವರೇ ಅಲ್ಲಿ ಆಯ್ದು ನಿಲ್ಲುತ್ತಾರೆ. ಅತಿ ತೂಕದ ವಿಭಾಗದಲ್ಲಿ ಜಾರ್ಜಿಯದ ಲಾಷಾ ತಲಖಾದ್ಜೆ ಆರಡಿಗೂ ಮೀರಿದ ಆಳು. ಇಬ್ಬರೂ ಎತ್ತಿದುದು ಕಬ್ಬಿಣವನ್ನೇ. ಆಯ್ಕೆಯ ಫಲವನ್ನು ಸಾಧನೆಯ ಫಲವೆಂದು ಬಗೆದ ಈ ತಪ್ಪು, ಅರಿಸ್ಟಾಟಲನು ಪಟ್ಟಿಯನ್ನೋದಿದಾಗ ಮಾಡಿದ ತಪ್ಪಿನ ಕುಲಕ್ಕೇ ಸೇರಿದುದು.

ಈ ವಿವೇಚನೆ ಕೇವಲ ಕುತೂಹಲಕ್ಕಾಗಿ ಅಲ್ಲ. ನಂಬಿಕೆಯನ್ನು ಹಾಗೆಯೇ ಒಪ್ಪಿದರೆ ಎರಡು ಅನ್ಯಾಯಗಳಾಗುತ್ತವೆ. ಉಂಡುಟ್ಟು ಬೆಳೆಯುವ ಹುಡುಗ ಹುಡುಗಿಯರಿಗೆ ಹಿತವಾದ ಸಾಧನೆಯು ತಪ್ಪಿಹೋಗುತ್ತದೆ. ಇಟ್ಟಿಗೆಯ ಗೂಡಿನಲ್ಲಿ ಹೊರೆ ಹೊರುವ ಮಗುವಿನ ಕುಗ್ಗಿದ ಮೈಯನ್ನು ಕಂಡಾಗ ನಾವು ಹೊರೆಯನ್ನಷ್ಟೇ ದೂರಿ, ಬರಿದಾದ ತಟ್ಟೆಯನ್ನೂ ಮುಚ್ಚಿದ ಶಾಲೆಯ ಬಾಗಿಲನ್ನೂ ಮರೆಯುತ್ತೇವೆ. ಆ ಹೊರೆಯನ್ನು ಇಳಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಳಿಸಿದಷ್ಟಕ್ಕೇ ಮಗು ಬೆಳೆಯದು. ಭಾರಶ್ರಮವನ್ನು ಹೆಸರಿಸಿದ ಪ್ರಕರಣದಲ್ಲಿಯೇ ಹಾಲು ಧಾನ್ಯಗಳ ಹೊಣೆಯನ್ನು ಅರಸನಿಗೆ ಹೊರಿಸಿದ ಸೋಮೇಶ್ವರನು, ಈ ಸಂಬಂಧವನ್ನು ಚೆನ್ನಾಗಿ ಅರಿತಿದ್ದನೆಂದು ತೋರುತ್ತದೆ.