ಬೀದಿ ರಸ್ತೆಯಾದ ಕಥೆ

ಮಹಾಭಾರತದ ಆದಿಪರ್ವದಲ್ಲಿ ಒಂದು ಸಣ್ಣ ಪ್ರಸಂಗವಿದೆ. ರಾಜಕುಮಾರರು ಹಸ್ತಿನಾವತಿಯ ಹೊರಗೆ ಬಂದು ಆಡುತ್ತಿರುತ್ತಾರೆ. ಆಟದ ಸಾಮಾನು ಹಾರಿ ಬಾವಿಗೆ ಬೀಳುತ್ತದೆ. ತೆಗೆಯುವ ಬಗೆ ತಿಳಿಯದೆ ಒಬ್ಬರ ಮುಖವನ್ನೊಬ್ಬರು ನೋಡುತ್ತ ನಿಂತಾಗ ದ್ರೋಣರು ಬಂದು, ಹುಲ್ಲುಕಡ್ಡಿಗಳನ್ನು ಒಂದಕ್ಕೊಂದು ನಾಟಿಸಿ ಅದನ್ನು ಮೇಲೆತ್ತಿ ಕೊಡುತ್ತಾರೆ. ಬಿದ್ದದ್ದು ಚೆಂಡೆಂದೇ ನಾವೆಲ್ಲ ಕೇಳಿದ್ದೇವೆ. ಮೂಲದಲ್ಲಿರುವ ಮಾತು ‘ವೀಟಾ’. ಅದು ಜವೆಯ ಕಾಳಿನ ಆಕಾರದ, ಗೇಣುದ್ದದ ಮರದ ತುಂಡು, ದೊಡ್ಡ ಕೋಲಿನಿಂದ ಹೊಡೆದು ಹಾರಿಸುವಂಥದು ಎಂದು ಅರ್ಥ ಹೇಳಿದ ವ್ಯಾಖ್ಯಾನಕಾರರುಂಟು. ಎಂದರೆ ನಮ್ಮ ಚಿನ್ನಿ. ನಾನು ಅಧ್ಯಾಪಕನಾದ ಹೊಸದರಲ್ಲಿ ಈ ಮಾತು ಹೇಳಿದರೆ ತರಗತಿಯಲ್ಲಿ ಹುಡುಗರು ನಕ್ಕು ಬಿಡುತ್ತಿದ್ದರು. ಈಚೆಗೆ ‘ಚಿನ್ನಿ ಅಂದರೆ ಏನು ಸಾರ್?’ ಎಂದು ಕೇಳುತ್ತಾರೆ.

ಆ ಪ್ರಸಂಗದಲ್ಲಿ ನನ್ನ ಮನಸ್ಸನ್ನು ಹಿಡಿಯುವುದು ದ್ರೋಣರ ಅಸ್ತ್ರವಿದ್ಯೆಯಲ್ಲ, ‘ಊರ ಹೊರಗೆ’ ಎಂಬ ಸಣ್ಣ ವಿವರ. ಅರಮನೆಯ ಮಕ್ಕಳಿಗೂ ಆಡುವುದಕ್ಕೆ ಹೊರಗೇ ಬರಬೇಕಾಯಿತು. ನಮ್ಮ ಬಡಾವಣೆಗಳ ಮಕ್ಕಳು ಈಗಲೂ ಹೊರಗೆ ಆಡುತ್ತಾರೆಯೆ ಎಂಬ ಪ್ರಶ್ನೆ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಒಮ್ಮೆ ಎದ್ದಿತು. ಅರ್ಧ ಜನ ‘ಎಲ್ಲಿ ಆಡುತ್ತವೆ, ಮೊಬೈಲು ಹಿಡಿದುಕೊಂಡು ಕೂತಿರುತ್ತವೆ’ ಎಂದರು. ಉಳಿದವರು ‘ನಮ್ಮ ಕಡೆ ಗಲಾಟೆಯಿಂದ ನಿದ್ದೆಯೇ ಇಲ್ಲ’ ಎಂದರು. ಮಕ್ಕಳನ್ನು ದೂರುವುದಕ್ಕೆ ಎರಡು ಪಕ್ಷದವರಿಗೂ ಕಾರಣ ಸಿಕ್ಕಿತು. ಆದರೆ ‘ಹೊರಗೆ’ ಎಂಬುದೊಂದು ಸ್ಥಳವಷ್ಟೆ. ಅದಕ್ಕೂ ಒಂದು ಚರಿತ್ರೆಯಿರಬೇಕಲ್ಲ?

ಬೆಂಗಳೂರಿನ ಮಟ್ಟಿಗೆ ಆ ಚರಿತ್ರೆಯ ಮುಖ್ಯವಾದ ಅಧ್ಯಾಯ ತೆರೆಯುವುದು ಪ್ಲೇಗಿನಿಂದ. 1898ರ ಆಗಸ್ಟಿನಲ್ಲಿ ಆ ಮಾರಿ ಊರಿಗೆ ಕಾಲಿಟ್ಟಿತು. ಪೇಟೆಯ ಗಾಳಿ ಬೆಳಕಿಲ್ಲದ ಓಣಿಗಳು ರೋಗದ ತವರೆಂದು ಅಧಿಕಾರಿಗಳು ತೀರ್ಮಾನಿಸಿದರು. ಚಾಮರಾಜಪೇಟೆ ಆಗಲೇ ಹುಟ್ಟಿತ್ತು. ಈಗ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಎದ್ದುವು. ಅಗಲವಾದ ಬೀದಿಗಳು, ಸಾಲುಮರಗಳು, ಮನೆಯ ಸುತ್ತ ಬಿಡಲೇಬೇಕಾದ ಬಯಲು, ಹಿತ್ತಿಲ ಸಾಲುಗಳ ನಡುವೆ ಜಾಡಮಾಲಿಗಳು ಓಡಾಡುವುದಕ್ಕೆಂದು ಕನ್ಸರ್ವೆನ್ಸಿ ಸಂದಿ. ನಕ್ಷೆ ಬರೆದವರ ಮನಸ್ಸಿನಲ್ಲಿದ್ದುದು ಮಕ್ಕಳ ಆಟವಲ್ಲ, ಜನರ ಆರೋಗ್ಯ. ಆದರೆ ಗಾಳಿಗಾಗಿ ಬಿಟ್ಟ ಜಾಗವನ್ನು ಮಕ್ಕಳು ಆಟಕ್ಕೆಂದೇ ಬಿಟ್ಟದ್ದು ಎಂದು ತಿಳಿದರು. ಒಳಚರಂಡಿ ಬಂದಮೇಲಂತೂ ಆ ಸಂದಿಗಳಿಗೆ ಬೇರೆ ಕೆಲಸ ಉಳಿಯಲಿಲ್ಲ. ಎರಡು ಪಕ್ಕವೂ ಕಾಂಪೌಂಡು ಗೋಡೆ. ಚೆಂಡು ಅತ್ತಿತ್ತ ಹೋಗುವ ಮಾತಿಲ್ಲ. ಅಲ್ಲಿ ಆಡಿ ಬೆಳೆದ ಹಿರಿಯರು ಇಂದಿಗೂ ನೇರವಾದ ಹೊಡೆತವನ್ನೇ ಕೊಂಡಾಡುತ್ತಾರೆ. ಬದಿಗೆ ಹೊಡೆದರೆ ಅವರ ಕಾಲದಲ್ಲಿ ಯಾರದೋ ಹಿತ್ತಿಲ ಸಂಪಿಗೆ ಗಿಡ, ಅದರ ಹಿಂದೆಯೇ ಯಾರದೋ ಅಜ್ಜಿ.

ಬೀದಿಯೂ ಒಂದು ಶಾಲೆಯಾಗಿತ್ತೆಂಬುದಕ್ಕೆ ಬಿ. ಎಸ್. ಚಂದ್ರಶೇಖರ್ ಅವರಿಗಿಂತ ಬೇರೆ ಸಾಕ್ಷಿ ಬೇಡ. ಬಾಲ್ಯದಲ್ಲಿ ಪೋಲಿಯೋ ತಗಲಿ ಬಲಗೈ ಸೊರಗಿದ್ದ ಆ ಹುಡುಗ, ಕ್ಲಬ್ಬು ಸೇರುವ ಮೊದಲು ಬೆಂಗಳೂರಿನ ಬೀದಿಗಳಲ್ಲಿ ರಬ್ಬರು ಚೆಂಡಿನಿಂದ ಆಡಿದವನು. 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಆತ 38 ರನ್ನಿಗೆ 6 ಜನರನ್ನು ಔಟು ಮಾಡಿದಾಗ ಇಂಗ್ಲೆಂಡು 101ಕ್ಕೆ ಮುಗಿಯಿತು. ಆ ಕೈಯನ್ನು ನೋಡಿ ‘ಬೇಡ ಮಗು, ಒಳಗೆ ಕೂತುಕೊ’ ಎಂದವರು ಎಷ್ಟು ಜನರಿದ್ದರೋ. ಬೀದಿ ಹಾಗೆ ಹೇಳಲಿಲ್ಲ.

1945ರಲ್ಲಿ ನಗರಾಭಿವೃದ್ಧಿಗೆಂದು ಟ್ರಸ್ಟ್ ಬೋರ್ಡು ಬಂತು. 1948ರಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಜಯನಗರಕ್ಕೆ ತಳಹದಿಯ ಕಲ್ಲನ್ನಿಟ್ಟರು. ಅಲ್ಲಿಂದ ಮುಂದೆ ಬಡಾವಣೆಯ ಹಿಂದೆ ಬಡಾವಣೆ. 1951ರಲ್ಲಿ ಎಂಟು ಲಕ್ಷಕ್ಕೂ ಕಡಿಮೆಯಿದ್ದ ಊರಿನ ಜನಸಂಖ್ಯೆ 2011ಕ್ಕೆ 84 ಲಕ್ಷವಾಯಿತು.

ನಾನು ಬೆಳೆದದ್ದು ಪಶ್ಚಿಮ ದಿಕ್ಕಿನ ಇಂಥ ಒಂದು ಬಡಾವಣೆಯಲ್ಲಿ, ಎಂಬತ್ತು ತೊಂಬತ್ತರ ದಶಕಗಳಲ್ಲಿ. ನಮಗೂ ನಕ್ಷೆಯಲ್ಲಿ ಒಂದು ಆಟದ ಮೈದಾನವಿತ್ತಂತೆ. ಅದು ಎಲ್ಲಿದೆಯೆಂದು ನಮಗಾರಿಗೂ ಗೊತ್ತಿರಲಿಲ್ಲ. ನಮ್ಮ ಮೈದಾನವೆಂದರೆ ಖಾಲಿ ಸೈಟು. ಸೈಟು ಸಿಕ್ಕಿಯೂ ಮನೆ ಕಟ್ಟಲು ಹಣವೊದಗದ ಯಾವುದೋ ಗುಮಾಸ್ತರ, ಮೇಷ್ಟರ ಬಡತನದ ಮೇಲೆ ನಾವು ಲಗೋರಿ ಆಡುತ್ತಿದ್ದೆವು. ಪಾರ್ಥೇನಿಯಂ ಗಿಡಗಳನ್ನು ತುಳಿದು ಪಿಚ್ಚು ಮಾಡಿದ್ದೆವು. ಒಂದು ದಿನ ಬೆಳಿಗ್ಗೆ ಲಾರಿ ಬಂದು ಕಲ್ಲು ಸುರಿಯಿತು. ಸಾಲ ಮಂಜೂರಾದ ಸಂತೋಷದಲ್ಲಿ ಸೈಟಿನ ಯಜಮಾನರು ನಮಗೆಲ್ಲ ಪೆಪ್ಪರ್‌ಮೆಂಟು ಹಂಚಿದರು. ನಾವು ಪೆಪ್ಪರ್‌ಮೆಂಟು ಚೀಪುತ್ತ ಮುಂದಿನ ಸೈಟಿಗೆ ಹೋದೆವು. ಹೀಗೆ ಸೈಟಿನಿಂದ ಸೈಟಿಗೆ ಗುಳೆ ಹೋಗುತ್ತ ಹೋಗುತ್ತ ಸೈಟುಗಳು ಮುಗಿದುವು, ಉಳಿದದ್ದು ಬೀದಿ.

ಬೀದಿ ಎಂಬ ಮಾತಿಗೂ ರಸ್ತೆ ಎಂಬ ಮಾತಿಗೂ ನಿಘಂಟು ಹೆಚ್ಚು ಭೇದ ಕಾಣುವುದಿಲ್ಲ. ಆದರೆ ಬೀದಿ ಮನೆಗಳಿಗೆ ಸೇರಿದ್ದು. ಅಲ್ಲಿ ರಂಗೋಲಿ ಹಾಕುತ್ತಾರೆ, ದೇವರ ಮೆರವಣಿಗೆ ಬರುತ್ತದೆ, ಹೆಣ್ಣುಮಕ್ಕಳು ಇದ್ದಿಲಿನಿಂದ ಚೌಕ ಗೀಚಿ ಕುಂಟೆಬಿಲ್ಲೆ ಆಡುತ್ತಾರೆ. ರಸ್ತೆ ಎಲ್ಲಿಗೋ ಹೋಗುವವರಿಗೆ ಸೇರಿದ್ದು. 1983ರ ಕೊನೆಗೆ ಮಾರುತಿ ಕಾರು ಬಂದಾಗ ನಮ್ಮ ಬೀದಿಗೆ ಅದೊಂದು ನೋಡುವ ವಸ್ತುವಾಗಿತ್ತು. 1991ರ ಆರ್ಥಿಕ ಸುಧಾರಣೆಗಳ ತರುವಾಯ ಬ್ಯಾಂಕುಗಳು ಕರೆದು ಕರೆದು ಸಾಲ ಕೊಡತೊಡಗಿದುವು. ಈಗ ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿಯನ್ನು ಮೀರಿವೆ. ಓಡುವ ಕಾರಿಗಿಂತ ನಿಂತ ಕಾರೇ ಆಟಕ್ಕೆ ಹೆಚ್ಚು ಅಡ್ಡಿ. ಓಡುವುದು ಬಂದರೆ ಹುಡುಗರು ಕೂಗಿ ಪಕ್ಕಕ್ಕೆ ಸರಿಯುತ್ತಾರೆ. ನಿಂತದ್ದು ಹಗಲೂ ರಾತ್ರಿಯೂ ನಿಂತೇ ಇರುತ್ತದೆ, ಅದರ ಗಾಜಿಗೆ ಬೆಲೆಯೂ ಇರುತ್ತದೆ.

ಕಾನೂನು ಸುಮ್ಮನಿರಲಿಲ್ಲವೆಂಬುದನ್ನು ಹೇಳಲೇಬೇಕು. ಟ್ರಸ್ಟ್ ಬೋರ್ಡಿನ ಸ್ಥಾನಕ್ಕೆ ಬಂದ ಅಭಿವೃದ್ಧಿ ಪ್ರಾಧಿಕಾರದ ಕಾಯದೆಯಂತೆ ಹೊಸ ಬಡಾವಣೆಯ ವಿಸ್ತೀರ್ಣದಲ್ಲಿ ನೂರಕ್ಕೆ 15 ಭಾಗ ಉದ್ಯಾನಗಳಿಗೂ ಆಟದ ಬಯಲುಗಳಿಗೂ ಮೀಸಲಾಗಬೇಕು. 1985ರಲ್ಲಿ ಉದ್ಯಾನ, ಆಟದ ಬಯಲು, ತೆರೆದ ಜಾಗಗಳ ರಕ್ಷಣೆಗೆಂದೇ ಬೇರೊಂದು ಕಾಯದೆ ಆಯಿತು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು 1976ರಲ್ಲಿ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲು ಸರ್ಕಾರ ಮುಂದಾದಾಗ ನೆರೆಯವರು ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಏರಿ, 1991ರಲ್ಲಿ ಉದ್ಯಾನದ ಜಾಗ ಉದ್ಯಾನಕ್ಕೇ ಎಂಬ ತೀರ್ಪು ಬಂತು. ಹದಿನೈದು ವರ್ಷ! 1976ರಲ್ಲಿ ಅಲ್ಲಿ ಆಡಬಹುದಾಗಿದ್ದ ಮಗು ತೀರ್ಪು ಬರುವ ಹೊತ್ತಿಗೆ ಕಾಲೇಜು ಮೆಟ್ಟಿಲು ಹತ್ತಿರುತ್ತದೆ. ಆದರೂ ಅದು ದೊಡ್ಡ ಜಯವೇ. ದೇಶದ ಬೇರೆ ಊರುಗಳ ವ್ಯಾಜ್ಯಗಳಲ್ಲಿಯೂ ಆ ತೀರ್ಪನ್ನು ಎತ್ತಿ ಹೇಳುತ್ತಾರೆ.

ಜಾಗ ಉಳಿಯಿತು, ಆಟ ಉಳಿಯಿತೆ? ಇಲ್ಲಿ ನನ್ನ ತಪ್ಪೊಪ್ಪಿಗೆಯೂ ಸೇರುತ್ತದೆ. ಸುಮಾರು ಹದಿನೈದು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಉದ್ಯಾನವನ್ನು ಚೊಕ್ಕಟ ಮಾಡಿದರು. ಸುತ್ತ ನಡೆದಾಡುವ ಹಾದಿ, ಮಧ್ಯೆ ಹುಲ್ಲು, ಹುಲ್ಲಿಗೆ ಬೇಲಿ, ಒಂದು ಕಾರಂಜಿ. ಕಾರಂಜಿ ಉದ್ಘಾಟನೆಯ ದಿನ ಚಿಮ್ಮಿತು. ನಿವಾಸಿಗಳ ಸಂಘದವರು ನನ್ನ ಮನೆಗೆ ಬಂದು, ‘ಮೇಷ್ಟ್ರೇ, ಒಂದು ಬೋರ್ಡು ಬರೆಸಬೇಕು, ಕನ್ನಡ ಸರಿಯಾಗಿದೆಯೋ ನೋಡಿ ಕೊಡಿ’ ಎಂದರು. ಚೀಟಿಯಲ್ಲಿ ‘ಉದ್ಯಾನವನದಲ್ಲಿ ಮಕ್ಕಳು ಆಟವಾಡುವುದನ್ನು ನಿಷೇದಿಸಿದೆ’ ಎಂದಿತ್ತು. ಉದ್ಯಾನವೆಂದಮೇಲೆ ಮತ್ತೆ ವನವೇಕೆ ಎಂದು ‘ವನ’ವನ್ನು ಹೊಡೆದೆ. ‘ನಿಷೇದ’ಕ್ಕೆ ಮಹಾಪ್ರಾಣ ಕೊಟ್ಟೆ. ಉಳಿದ ವಾಕ್ಯದಲ್ಲಿ ನನಗೆ ದೋಷ ಕಾಣಲಿಲ್ಲ. ಆಗ ನನಗೆ ಮಗುವಿರಲಿಲ್ಲ. ಮಧ್ಯಾಹ್ನದ ನಿದ್ದೆಯ ಮೇಲೆ ಪ್ರೀತಿಯಿತ್ತು.

ಹುಡುಗರೇ ಬದಲಾದರು, ಅವರಿಗೇ ಆಟ ಬೇಡವಾಯಿತು ಎಂಬ ಮಾತನ್ನು ನಾನು ಒಪ್ಪಲಾರೆ. ಬಂದ್ ದಿನಗಳನ್ನು ನೋಡಿ. 2016ರ ಸೆಪ್ಟೆಂಬರ್ 9ರಂದು ಕಾವೇರಿಯ ವಿಷಯವಾಗಿ ಕರ್ನಾಟಕ ಬಂದ್ ಆಯಿತು. ಬಸ್ಸುಗಳಿಲ್ಲದ ಮುಖ್ಯರಸ್ತೆಯಲ್ಲಿ ಹತ್ತು ಗಂಟೆಯ ಹೊತ್ತಿಗೆ ಇಟ್ಟಿಗೆಗಳ ವಿಕೆಟ್ಟು ಎದ್ದಿತ್ತು. ಅಷ್ಟು ಹುಡುಗರು ಅದುವರೆಗೆ ಯಾವ ಮನೆಗಳಲ್ಲಿ ಅಡಗಿದ್ದರೋ! ಯಾರೂ ಅವರನ್ನು ಕರೆದಿರಲಿಲ್ಲ. ರಸ್ತೆ ಒಂದು ದಿನದ ಮಟ್ಟಿಗೆ ಬೀದಿಯಾಯಿತು, ಅಷ್ಟೆ. 2020ರಲ್ಲಿ ಕೊರೋನಾ ಬಂದು ವಾಹನಗಳು ನಿಂತಾಗ ವಿಚಿತ್ರವಾದ ಸ್ಥಿತಿ: ಬೀದಿಯಿತ್ತು, ಮಕ್ಕಳಿಗೆ ಬಾಗಿಲು ತೆರೆಯಲಿಲ್ಲ. 1898ರ ಮಾರಿ ಜನರನ್ನು ಬಯಲಿಗೆ ಕಳುಹಿಸಿತ್ತು. ಇದು ಒಳಗೆ ಕೂಡಿತು.

ಇಷ್ಟಾದರೂ ಪ್ರತಿದಿನವೂ ಹೊರಗೆ ಆಡುವ ಮಕ್ಕಳು ನಮ್ಮಲ್ಲಿದ್ದಾರೆ. ನಮ್ಮ ಬೀದಿಯ ಹಳೆಯ ಮನೆಗಳನ್ನು ಕೆಡವಿ ನಾಲ್ಕಂತಸ್ತು ಕಟ್ಟುತ್ತಿರುವ ಕಡೆ ಮರಳಿನ ಗುಡ್ಡೆಯ ಮೇಲೆ ಕೂಲಿಯವರ ಮಕ್ಕಳು ಸಂಜೆಯವರೆಗೆ ಜಾರುತ್ತಿರುತ್ತಾರೆ. ಯಾದಗಿರಿ, ರಾಯಚೂರುಗಳ ಕಡೆಯಿಂದ ಬಂದವರೇ ಹೆಚ್ಚು. ನನ್ನ ಮಗಳು ಮಾಳಿಗೆಯ ಮೇಲಿನಿಂದ ಅವರನ್ನು ನೋಡುತ್ತಾಳೆ. ಹೊರಗೆ ಆಡುವುದು ಒಂದು ಕಾಲಕ್ಕೆ ಬಡಾವಣೆಯ ಮಕ್ಕಳ ಭಾಗ್ಯವಾಗಿತ್ತು. ಈಗ ಅದು ಮನೆಯಿಲ್ಲದವರ ಪಾಲಾಗಿದೆ. ಹಾಗೆಂದು ಆ ಮಕ್ಕಳನ್ನು ಭಾಗ್ಯವಂತರೆನ್ನಲು ನನಗೆ ಬಾಯಿ ಬಾರದು. ಅವರು ಶಾಲೆಯಲ್ಲಿರಬೇಕಾದ ಹೊತ್ತಿನಲ್ಲಿಯೂ ಮರಳಿನ ಮೇಲೆಯೇ ಇರುತ್ತಾರೆ.

ಕಳೆದ ವರ್ಷ ಮಗಳು ಉದ್ಯಾನದ ಬೋರ್ಡನ್ನು ಗಟ್ಟಿಯಾಗಿ ಓದಿ, ‘ಅಪ್ಪಾ, ಇದನ್ನು ಯಾರು ಬರೆದದ್ದು?’ ಎಂದಳು. ಪೇಂಟರು ಎಂದೆ. ಅದು ಸುಳ್ಳಲ್ಲ. ಆ ರಾತ್ರಿಯೇ ಕುಳಿತು, ಬೋರ್ಡನ್ನು ತೆಗೆಸಿ ಸಂಜೆ ನಾಲ್ಕರಿಂದ ಆರರವರೆಗೆ ಹುಲ್ಲನ್ನು ಮಕ್ಕಳಿಗೆ ಬಿಡಬೇಕೆಂದು ಸಂಘಕ್ಕೆ ಒಂದು ಅರ್ಜಿ ಬರೆದೆ. ಮೂರು ಸಭೆಗಳಾದುವು, ಕಾರು ನಿಲ್ಲಿಸುವ ಜಾಗದ ಜಗಳ ಮುಗಿಯದೆ ಅರ್ಜಿಯ ಸರದಿ ಬಂದಿಲ್ಲ. ಹೋದ ಭಾನುವಾರ ಮಧ್ಯಾಹ್ನ ಕಾವಲುಗಾರ ಊಟಕ್ಕೆ ಹೋಗಿದ್ದಾಗ ಹಾದುಹೋದೆ. ಬೋರ್ಡಿನ ಅಗಲವಾದ ಕಂಬದ ಮೇಲೆ ಇದ್ದಿಲಿನಿಂದ ಮೂರು ಗೆರೆ ಎಳೆದಿತ್ತು. ಬ್ಯಾಟು ಹಿಡಿದಿದ್ದ ಹುಡುಗ ನನ್ನನ್ನು ಕಂಡು, ಓಡಬೇಕೋ ನಿಲ್ಲಬೇಕೋ ತಿಳಿಯದೆ, ‘ಒಂದೇ ಓವರ್ ಅಂಕಲ್’ ಎಂದ.