ಬಳುಕುವ ಅಕ್ಷರ, ಜಾರಿದ ಒತ್ತು

ಚಾಣಕ್ಯಪುರಿಯ ರಾಯಭಾರ ಕಚೇರಿಗಳ ಆಮಂತ್ರಣ ಪತ್ರಿಕೆ ಕಂಡವರಿಗೆ ಓರೆಯಾಗಿ ಬಳುಕುವ ಇಂಗ್ಲಿಷ್ ಅಕ್ಷರಗಳು ಹೊಸತಲ್ಲ. ಕಳೆದ ವರ್ಷ ತಂಗಿಯ ಲಗ್ನಪತ್ರಿಕೆಗೆ ನಾನೂ ಅಂಥದ್ದೇ ಒಂದನ್ನು ಆರಿಸಿದೆ: ಸ್ನೆಲ್ ರೌಂಡ್‌ಹ್ಯಾಂಡ್.

ಅದರ ಮೂಲ ಲಂಡನ್ನಿನ ಬರವಣಿಗೆ ಮೇಷ್ಟ್ರು ಚಾರ್ಲ್ಸ್ ಸ್ನೆಲ್. ಹಕ್ಕಿಗರಿಯ ಲೇಖನಿಯಲ್ಲಿ ಕೂಡಿಸಿ ಬರೆಯುವ ಅವರ ಮಾದರಿ ಪುಸ್ತಕ 1694ರಲ್ಲಿ ಬಂತು. ಆ ಬರಹವನ್ನು ಸೀಸಕ್ಕೆ ಇಳಿಸುವುದು ಕಷ್ಟ. ಅಚ್ಚುಮೊಳೆ ನೆಟ್ಟಗೆ, ಅಕ್ಷರ ಓರೆ. ಪಕ್ಕದ ಅಕ್ಷರ ಮುಟ್ಟಲು ಮೊಳೆಯಾಚೆ ಚಾಚಿದ ತುದಿ ಸುಲಭವಾಗಿ ಮುರಿಯುತ್ತಿತ್ತು. 1960ರ ದಶಕದ ನಡುವೆ ಮ್ಯಾಥ್ಯೂ ಕಾರ್ಟರ್ ಅದನ್ನು ಲೈನೋಟೈಪ್ ಕಂಪನಿಯ ಫೋಟೊ ಅಕ್ಷರಜೋಡಣೆಗಾಗಿ ಬಿಡಿಸಿದರು. ಬೆಳಕಿಗೆ ಮೊಳೆಯ ಅಂಚಿಲ್ಲ. ಅಕ್ಷರಗಳು ಕೈ ಕೈ ಹಿಡಿದವು.

ಕನ್ನಡದ ಕಷ್ಟವೂ ಇದೇ ಜಾತಿಯದು. ಇಂಗ್ಲಿಷಿನದು ಪಕ್ಕಕ್ಕೆ ಚಾಚುತ್ತದೆ, ನಮ್ಮ ಒತ್ತು ಕೆಳಕ್ಕೆ ಇಳಿಯುತ್ತದೆ. 1817ರಲ್ಲಿ ಶ್ರೀರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಗಿತ್ತು. ಆದರೂ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟಿದ್ದು ಮೊಳೆಯಲ್ಲಲ್ಲ, ಕಲ್ಲಚ್ಚಿನಲ್ಲಿ. ಅಲ್ಲಿ ಬರೆದದ್ದೇ ಅಚ್ಚು. ಒತ್ತು ತನ್ನ ಜಾಗದಲ್ಲೇ ಕೂರುತ್ತದೆ.

ದಿಲ್ಲಿಯ ಮುದ್ರಕರು ಕಳಿಸಿದ ಕರಡಿನಲ್ಲಿ ಇಂಗ್ಲಿಷ್ ಚೊಕ್ಕವಾಗಿತ್ತು. ಕನ್ನಡದಲ್ಲಿ ಅಮ್ಮನ ಹೆಸರು ‘ಪದ್ಮಾ’ ಎಂಬುದು ‘ಪದ್‌ಮಾ’ ಆಗಿತ್ತು. ಫಾಂಟಿನಲ್ಲಿ ಒತ್ತು ಇದ್ದರೂ ಅದನ್ನು ಕೂಡಿಸಲು ಅವರ ತಂತ್ರಾಂಶಕ್ಕೆ ಬರುತ್ತಿರಲಿಲ್ಲ. ‘ಇದು ನಾನಲ್ಲ ಕಣೋ’ ಎಂದಳು ಅಮ್ಮ.

ಕೊನೆಗೆ ಕನ್ನಡದ ಸಾಲುಗಳನ್ನೆಲ್ಲ ಅಪ್ಪ ಕೈಯಲ್ಲೇ ಬರೆದುಕೊಟ್ಟರು. ಸ್ಕ್ಯಾನ್ ಮಾಡಿ ಅಚ್ಚಿಗೆ ಕಳಿಸಿದೆ. ಪತ್ರಿಕೆಯ ಎಡಗಡೆ ಸ್ನೆಲ್ ಮೇಷ್ಟ್ರ ಬರಹ, ಬಲಗಡೆ ಅಪ್ಪನದು.