ಲೆಕ್ಕ ಸರಿ ಇತ್ತು, ಹಾಳೆ ಸಾಲಲಿಲ್ಲ

ಫಲಾನುಭವಿಗಳ ಪಟ್ಟಿ ಇರಲಿ, ಬೆಳೆ ಪರಿಹಾರದ ಪಟ್ಟಿ ಇರಲಿ, ನಮ್ಮ ಮೊಬೈಲಿಗೆ ಬರುವುದು ಹೆಚ್ಚಾಗಿ ಎಕ್ಸೆಲ್ ಹಾಳೆ. ಆದರೆ ದೊಡ್ಡ ಲೆಕ್ಕವನ್ನು ಎಷ್ಟೋ ಸಲ ಬೇರೊಂದು ಪ್ರೋಗ್ರಾಂ ಮಾಡಿರುತ್ತದೆ; ಎಕ್ಸೆಲ್ ಬರೀ ಬಡಿಸುವ ತಟ್ಟೆ. ಅಡುಗೆಮನೆಯಿಂದ ತಟ್ಟೆಗೆ ಬರುವಾಗಲೇ ಒಂದಿಷ್ಟು ಚೆಲ್ಲಿಹೋಗುವುದುಂಟು.

ಅಂಥ ಹಳೆಯ ಪ್ರೋಗ್ರಾಂಗಳಲ್ಲಿ ಒಂದು ಎಸ್‌ಎಎಸ್. ಇದರ ಬೇರು ಹೊಲದಲ್ಲಿದೆ. ಕೃಷಿ ಪ್ರಯೋಗಗಳ ರಾಶಿ ಅಂಕಿಗಳನ್ನು ಬಿಡಿಸಲೆಂದು 1966ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಂಥನಿ ಬಾರ್ ಇದರ ಕೆಲಸ ಶುರು ಮಾಡಿದರು. ಆಮೇಲೆ ಜಿಮ್ ಗುಡ್‌ನೈಟ್, ಜಾನ್ ಸಾಲ್, ಜೇನ್ ಹೆಲ್ವಿಗ್ ಜೊತೆಯಾದರು. 1976ರಲ್ಲಿ ನಾಲ್ವರೂ ಸೇರಿ ಕಂಪನಿ ಕಟ್ಟಿದರು. ಆಗ ಉತ್ತರ ಬರುತ್ತಿದ್ದದ್ದು ಪ್ರಿಂಟರಿನ ಉದ್ದನೆಯ ಕಾಗದದಲ್ಲಿ.

1979ರಲ್ಲಿ ವಿಸಿಕ್ಯಾಲ್ಕ್, 1985ರಲ್ಲಿ ಎಕ್ಸೆಲ್ ಬಂದವು. ಕಚೇರಿಗಳಿಗೆ ಮನೆಮನೆಯಾಗಿ ಗೆರೆ ಎಳೆದ ಹಾಳೆಯೇ ರೂಢಿಯಾಯಿತು. ಎಸ್‌ಎಎಸ್ ಬಳಸುವವರು ಇದಕ್ಕೆ ಮ್ಯಾಕ್ರೋ ಬರೆದರು. ಮ್ಯಾಕ್ರೋ ಎಂದರೆ ಒಮ್ಮೆ ಬರೆದು ಹೆಸರಿಟ್ಟ ಆದೇಶಗಳ ಕಟ್ಟು. ಜಿಲ್ಲೆಯ ಹೆಸರಷ್ಟೇ ಬದಲಿಸಿದರೆ, ಮೂವತ್ತು ಜಿಲ್ಲೆಗೆ ಮೂವತ್ತು ಕಡತ ತಯಾರು. ಅಂಕಿಗಳ ನಡುವೆ ಅಲ್ಪವಿರಾಮ ಹಾಕಿದ ಸಿಎಸ್‌ವಿ ಕಡತ ಒಂದು ದಾರಿ. ವಿಂಡೋಸ್‌ನ ಡಿಡಿಇ ಮೂಲಕ ಎಕ್ಸೆಲ್‌ನ ಮನೆಗಳಿಗೇ ಅಂಕಿ ತುಂಬುವುದು ಇನ್ನೊಂದು. ಎಸ್‌ಎಎಸ್ 9.4ರಲ್ಲಿ 'ಓಡಿಎಸ್ ಎಕ್ಸೆಲ್' ಎಂಬ ಸೌಲಭ್ಯವೇ ಬಂತು.

ಆದರೆ ಹಾಳೆಗೂ ಒಂದು ಅಂಚಿದೆ. ಹಳೆಯ ಎಕ್ಸೆಲ್ ಕಡತದಲ್ಲಿ ಹಿಡಿಯುವುದು 65,536 ಸಾಲು. 2007ರ ನಂತರದ್ದರಲ್ಲಿ 10,48,576. ಇದರ ಬೆಲೆ ಗೊತ್ತಾದದ್ದು 2020ರ ಕೋವಿಡ್ ಕಾಲದಲ್ಲಿ, ಇಂಗ್ಲೆಂಡಿನಲ್ಲಿ. ಪ್ರಯೋಗಾಲಯಗಳ ಸಿಎಸ್‌ವಿ ಕಡತಗಳನ್ನು ಅಲ್ಲಿನ ಆರೋಗ್ಯ ಸಂಸ್ಥೆ ಹಳೆಯ ಬಗೆಯ ಎಕ್ಸೆಲ್‌ಗೆ ತುಂಬುತ್ತಿತ್ತು. ಹಾಳೆ ತುಂಬಿದ ಮೇಲೆ ಬಂದ ಸಾಲುಗಳು ಸದ್ದಿಲ್ಲದೆ ಬಿಟ್ಟುಹೋದವು. 15,841 ಸೋಂಕಿತರು ದಿನದ ಲೆಕ್ಕಕ್ಕೆ ಸೇರಲಿಲ್ಲ. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು ತಡವಾಯಿತು.

ಹಾಳೆ ಅಂಕಿಯ ವೇಷವನ್ನೂ ಬದಲಿಸುತ್ತದೆ. 007 ಎಂಬ ಸಂಕೇತ ಬರೀ 7 ಆಗುತ್ತದೆ. 'ಮಾರ್ಚ್1' ಎಂಬ ವಂಶವಾಹಿಯ ಹೆಸರನ್ನು ಎಕ್ಸೆಲ್ ತಾರೀಕು ಮಾಡುತ್ತಿತ್ತು. ಕೊನೆಗೆ ವಿಜ್ಞಾನಿಗಳೇ ಸೋತು ವಂಶವಾಹಿಯ ಹೆಸರು ಬದಲಿಸಿದರು.

ಹಾಗಾಗಿ ಪಳಗಿದವರ ಮ್ಯಾಕ್ರೋ ಕೊನೆಯಲ್ಲಿ ಒಂದು ಲೆಕ್ಕ ಹಾಕುತ್ತದೆ: ಹೊರಟ ಸಾಲು ಎಷ್ಟು, ಹಾಳೆ ಸೇರಿದ ಸಾಲು ಎಷ್ಟು? ಪಟ್ಟಿಯಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ ನೀವೂ ಇದನ್ನೇ ಕೇಳಿ. ಕಾಣೆಯಾದ ಒಂದೊಂದು ಸಾಲೂ ಒಂದು ಮನೆ.